ಕರೆಯದೆ ಕೊಟ್ಟಿಗೆಗೆ ಬಂದವಳು

ಸಾವಿನ ಮನೆಗೆ ಬಂದವರು ಮೊದಲು ಹೆಣ ನೋಡುತ್ತಾರೆ. ಆಮೇಲೆ ಹೆಂಡತಿಯನ್ನು ನೋಡುತ್ತಾರೆ. ಆಮೇಲೆ ಮಕ್ಕಳೆಲ್ಲಿ, ಇನ್ನು ಯಾರು ಬರಬೇಕು, ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ಕೇಳುತ್ತಾರೆ. ಕೊಟ್ಟಿಗೆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡಬಾರದೆಂದಲ್ಲ, ನೆನಪಾಗುವುದಿಲ್ಲ. ಅಲ್ಲಿ ಕಟ್ಟಿರುವ ದನಕ್ಕೆ ಯಜಮಾನ ಸತ್ತದ್ದು ಗೊತ್ತಿರುವುದಿಲ್ಲ. ಅದಕ್ಕೆ ಹೊತ್ತಿಗೆ ಸರಿಯಾಗಿ ಬಾಯಾರಿಕೆ ಆಗುತ್ತದೆ, ಹೊತ್ತಿಗೆ ಸರಿಯಾಗಿ ಕೆಚ್ಚಲು ತುಂಬುತ್ತದೆ.

ಇದು ನನಗೆ ಗೊತ್ತಾದದ್ದು ನಾನೇ ಹೆಣದ ಪಕ್ಕ ಕೂತಾಗ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರಿನಿಂದ ಒಳಕ್ಕೆ ಹೋದರೆ ಸಿಗುವ ಊರು. ಮಳೆ ನಂಬಿದ ಹೊಲ, ಅದರಲ್ಲಿ ಸ್ವಲ್ಪ ಹೊಗೆಸೊಪ್ಪು, ಸ್ವಲ್ಪ ರಾಗಿ. ಹೊಗೆಸೊಪ್ಪಿನ ದುಡ್ಡು ವರ್ಷಕ್ಕೊಂದು ಸಲ ಬರುತ್ತದೆ, ಬಂದ ದಾರಿಯಲ್ಲೇ ಹೋಗುತ್ತದೆ. ಮನೆಗೆ ಉಪ್ಪು, ಸೋಪು, ಗ್ಯಾಸು, ಬಿ.ಪಿ. ಮಾತ್ರೆ ಇವೆಲ್ಲ ಬರುತ್ತಿದ್ದದ್ದು ಒಂದು ಸೀಮೆಹಸುವಿನಿಂದ. ಕಪ್ಪುಬಿಳಿ ಹಸು, ಮೊದಲನೇ ಸೂಲು, ಕರು ಹಾಕಿ ಎರಡು ವಾರವೂ ಆಗಿರಲಿಲ್ಲ. ಮಗ ಲಾರಿ ಓಡಿಸುತ್ತಾನೆ, ಹುಣಸೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾನೆ. ಅವನ ಸಂಬಳ ಅವನ ಹೆಂಡತಿ ಮಕ್ಕಳಿಗೇ ಸಾಲದು. ಅದರಲ್ಲಿ ತಪ್ಪೇನಿಲ್ಲ. ನಮ್ಮಿಬ್ಬರ ಹೊಟ್ಟೆ ಆ ಹಸುವಿನ ಕೆಚ್ಚಲಿಗೆ ಕಟ್ಟಿತ್ತು, ಅಷ್ಟೆ.

ಆ ಹಸುವಿಗೆ ಒಂದು ಕೆಟ್ಟ ಗುಣ ಇತ್ತು. ನನ್ನ ಕೈ ಬಿಟ್ಟರೆ ಇನ್ನೊಬ್ಬರ ಕೈಗೆ ಹಾಲು ಬಿಡುತ್ತಿರಲಿಲ್ಲ. ನಮ್ಮ ಮನೆಯವರು ಹತ್ತಿರ ಹೋದರೂ ಒದೆಯುತ್ತಿತ್ತು. ಹಾಗಾಗಿ ಕರೆಯುವುದು ನಾನು, ಡೈರಿಗೆ ಒಯ್ಯುವುದು ಅವರು.

ಅವರು ಸತ್ತದ್ದು ಕೊರೋನಾ ಎಲ್ಲ ಮುಗಿದ ಮೇಲೆ. ಕೊರೋನಾದಲ್ಲಿ ಬದುಕಿಕೊಂಡ ಮನುಷ್ಯ, ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಿ, ಹೋಟೆಲಿನ ಬೆಂಚಿನ ಮೇಲೆ ಕಾಫಿ ಕುಡಿಯಲು ಕೂತವರು ಲೋಟ ಹಿಡಿದುಕೊಂಡೇ ಪಕ್ಕಕ್ಕೆ ಒರಗಿದರು. ರಾವಂದೂರಿನ ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತು. ನರಳಲಿಲ್ಲ, ನರಳಿಸಲಿಲ್ಲ. ಅಷ್ಟು ಮಟ್ಟಿಗೆ ಒಳ್ಳೆಯ ಸಾವು.

ಮಗ ಆ ಹೊತ್ತಿನಲ್ಲಿ ಶುಂಠಿ ಲೋಡು ಹಾಕಿಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದ. ಲಾರಿ ಇನ್ನೊಬ್ಬರ ಕೈಗೆ ಕೊಟ್ಟು ಅವನು ಬರಬೇಕೆಂದರೆ ಮಾರನೇ ದಿನ ಮಧ್ಯಾಹ್ನ. ಅಲ್ಲಿಯವರೆಗೆ ಹೆಣ ಇಡಬೇಕು. ಪಿರಿಯಾಪಟ್ಟಣದಿಂದ ಐಸಿನ ಪೆಟ್ಟಿಗೆ ತರಿಸಿದರು. ಅದರ ಪಕ್ಕ ಚಾಪೆ ಹಾಕಿ ನನ್ನನ್ನು ಕೂರಿಸಿದರು. ನಮ್ಮ ಕಡೆ ಹೆಣ ಎತ್ತುವವರೆಗೆ ಹೆಂಡತಿಯಾದವಳು ಜಾಗ ಬಿಟ್ಟು ಏಳಬಾರದು. ಬಚ್ಚಲಿಗೆ ಹೋಗಬೇಕೆಂದರೂ ಇಬ್ಬರು ಹಿಡಿದುಕೊಂಡು ಹೋಗಿ ಹಿಡಿದುಕೊಂಡು ಬರುತ್ತಾರೆ.

ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ಹಸು ಅಂಬಾ ಎನ್ನಲು ಶುರು ಮಾಡಿತು. ಮೊದಲು ಒಂದೊಂದು ಸಲ. ಆಮೇಲೆ ಬಿಡದೆ. ಕೊಟ್ಟಿಗೆ ಇರುವುದು ಮನೆಯ ಪಕ್ಕದಲ್ಲೇ, ನಡುವೆ ಒಂದು ಗೋಡೆ. ಆ ಕೂಗು ಕೇಳಿ ಮನೆ ತುಂಬ ಕೂತಿದ್ದ ಹೆಂಗಸರಿಗೆ ಹೊಸದಾಗಿ ದುಃಖ ಉಕ್ಕಿತು.

"ನೋಡ್ರವ್ವ, ಮೂಕಪ್ರಾಣಿ! ಯಜಮಾನ್ನ ನೆನ್ಕಂಡು ಎಂಗ್ ಗೋಳಾಡ್ತಾ ಅದೆ!" ಎಂದಳು ನನ್ನ ನಾದಿನಿ. ಅವಳು ನಮ್ಮ ಮನೆಯವರ ಅಕ್ಕ, ಕೆ.ಆರ್. ನಗರದ ಕಡೆಗೆ ಕೊಟ್ಟಿರುವುದು.

"ಮನುಷ್ಯರಿಗಿಲ್ಲ ಕಣಕ್ಕ ಈ ನಿಯತ್ತು," ಎಂದಳು ಇನ್ನೊಬ್ಬಳು.

ನೆಂಟರ ಪೈಕಿ ಯಾರೋ ಒಬ್ಬ ಹೋಗಿ ಮೊಬೈಲಿನಲ್ಲಿ ಹಸುವಿನ ವೀಡಿಯೋ ಮಾಡಿದ. ಯಜಮಾನನಿಗಾಗಿ ಕಣ್ಣೀರಿಟ್ಟ ಗೋವು ಎಂದು ಬರೆದು, ದುಃಖದ ಹಾಡು ಸೇರಿಸಿ ಹಾಕಿದನಂತೆ. ಬೆಟ್ಟದಪುರದಲ್ಲಿ ಕೂತವರೆಲ್ಲ ನೋಡಿದರಂತೆ. ವೀಡಿಯೋ ಮಾಡಲು ಕೊಟ್ಟಿಗೆವರೆಗೆ ಹೋದವನು ಕೆಚ್ಚಲು ನೋಡಲಿಲ್ಲ.

ನನಗೆ ಗೊತ್ತಿತ್ತು ಅದು ಯಾತಕ್ಕೆ ಕೂಗುತ್ತಿದೆ ಎಂದು. ಬೆಳಗ್ಗೆ ಕರೆದದ್ದು. ಹೊಸದಾಗಿ ಕರು ಹಾಕಿದ ಸೀಮೆಹಸು, ಒಂದು ಹೊತ್ತು ತಪ್ಪಿದರೆ ಕೆಚ್ಚಲು ಬಿಗಿಯುತ್ತದೆ. ಎರಡು ಹೊತ್ತು ತಪ್ಪಿದರೆ ಬಾವು ಬರುತ್ತದೆ. ಬಾವು ಬಂದರೆ ಹಾಲು ಹೋಗಿ ಕೀವು ಬರುತ್ತದೆ, ಆಮೇಲೆ ಆ ಹಸುವನ್ನು ಮೇವು ಹಾಕಿ ಸಾಕುವುದು ಅಷ್ಟೆ. ಗಂಡ ಹೋದ ಬೆನ್ನಿಗೇ ಹಸುವೂ ಹೋದರೆ ನಾನು ಏನು ತಿನ್ನಲಿ? ಹೆಣದ ಪಕ್ಕ ಕೂತು ಇದನ್ನು ಯೋಚನೆ ಮಾಡಿದಳೇ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ನಾನು ಯೋಚನೆ ಮಾಡಿದ್ದು ಅದನ್ನೇ.

"ಯಾರಾರ ಕೊಟ್ಟಿಗೆ ಕಡೆ ಓಗ್ರೇ. ಆಲು ಕರೀಬೇಕು," ಎಂದೆ.

ನಾದಿನಿ ನನ್ನ ತಲೆ ಅವಳ ಹೆಗಲಿಗೆ ಒತ್ತಿಕೊಂಡಳು. "ಪಾಪ, ತಲೆ ಕೆಟ್ಟೋಗದೆ ಇವಳ್ಗೆ. ಗಂಡ ಇಲ್ಲಿ ಮಲಗವ್ನೆ, ಆಲು ಅಂತಾವ್ಳೆ. ನೀರು ಕುಡುಸ್ರವ್ವ."

ನೀರು ಕುಡಿಸಿದರು. ಏಳಲು ಹೋದೆ. ಇಬ್ಬರು ಭುಜ ಒತ್ತಿ ಕೂರಿಸಿದರು. ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲದೆ ಏನಲ್ಲ. ಪ್ರೀತಿಯಿಂದಲೇ ಒತ್ತಿ ಹಿಡಿದಿದ್ದರು.

ಆ ಹೊತ್ತಿಗೆ ಮೂಲೆಮನೆಯವಳು ಬಂದಳು.

ನಮ್ಮ ಬೀದಿ ತಿರುಗುವ ಮೂಲೆಯಲ್ಲಿ, ನಮ್ಮ ಕೊಟ್ಟಿಗೆಯ ಆಚೆ ಬದಿಗೆ ಅವಳ ಮನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಕೂಲಿ ಮಾಡುತ್ತಾಳೆ. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟಲು ಹೋಗುತ್ತಾಳೆ, ಬೇರೆ ಕಾಲದಲ್ಲಿ ಕಳೆ ಕೀಳಲು. ಗಂಡ ಗಾರೆ ಕೆಲಸದವನು. ಅವಳಿಗೆ ಹಸುವೂ ಇಲ್ಲ, ಕೋಳಿಯೂ ಇಲ್ಲ. ನನಗೆ ಅವಳು ನೆಂಟಳಲ್ಲ, ಗೆಳತಿಯೂ ಅಲ್ಲ. ನಲ್ಲಿ ಹತ್ತಿರ ನಮಗೆ ಎಷ್ಟೋ ಸಲ ಬಾಯಿಗೆ ಬಾಯಿ ಆಗಿದೆ. ಅವಳ ಬಾಯಿ ದೊಡ್ಡದು. ನನ್ನದೂ ಚಿಕ್ಕದಲ್ಲ.

ಕೂಲಿಯಿಂದ ಬಂದವಳು ಕೈಕಾಲು ತೊಳೆದು ನೇರ ಬಂದಿದ್ದಳು. ಬಾಗಿಲಲ್ಲಿ ನಿಂತು ಹೆಣಕ್ಕೆ ಕೈಮುಗಿದಳು.

"ಯಾಕ್ರವ್ವ ಆ ಹಸ ಅಂಗ್ ಅರಚ್ಕತದೆ?" ಎಂದಳು.

"ಯಜಮಾನ್ರಿಗೆ ಅಳ್ತಾ ಅದೆ ಕಣೆ," ಎಂದರು.

ಅವಳು ಕೊಟ್ಟಿಗೆ ಕಡೆ ಹೋದಳು. ಹೋದಷ್ಟೇ ಬೇಗ ಬಂದಳು.

"ಅಳ್ತಾನೂ ಇಲ್ಲ ಏನೂ ಇಲ್ಲ. ಕೆಚ್ಚಲು ಕಲ್ಲಾಗದೆ. ಯಾರೂ ಕರೆದಿಲ್ವಾ?"

ಜಗಲಿ ಮೇಲೆ ನನ್ನ ಭಾವ ಕೂತಿದ್ದರು, ನಮ್ಮ ಮನೆಯವರ ದೊಡ್ಡಪ್ಪನ ಮಗ. ಸಾವು ಮದುವೆಗಳಲ್ಲಿ ಅವರು ಹೇಳಿದ್ದೇ ಕ್ರಮ. "ಸೂತಕದ ಮನೇಲಿ ಆಲು ಕರೀತಾರೇನಮ್ಮ? ನಾಳೆ ಎಣ ಎತ್ಲಿ, ಆಮೇಕೆ ನೋಡವ," ಎಂದರು.

"ಎಣಕ್ಕೆ ಐಸಿನ ಪೆಟ್ಟಿಗೆ ತರ್ಸಿದ್ದೀರ, ನಾಳೆಗಂಟ ಕೆಡಲ್ಲ. ಕೆಚ್ಚಲಿಗೆ ಯಾವ್ ಪೆಟ್ಟಿಗೆ ತರ್ಸೀರಿ?"



"ಕರ ಬುಟ್ರೆ ಆಯ್ತಲ್ಲ, ಕುಡ್ಕತದೆ," ಎಂದರು ಯಾರೋ.

"ಗೇಣುದ್ದ ಕರ ಅಷ್ಟೂ ಆಲು ಕುಡುದ್ರೆ ಬೇದಿ ಅತ್ತಿ ಅದೂ ಓಯ್ತದೆ. ಆಗ ಇನ್ನೊಂದು ಪೆಟ್ಟಿಗೆ ತರ್ಸಿ," ಎಂದು ಹೇಳಿ, ನಮ್ಮ ಅಡುಗೆಮನೆಗೆ ನುಗ್ಗಿ ಬಕೆಟ್ಟು ತೆಗೆದುಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಬಕೆಟ್ಟು ಉರುಳಿದ ಸದ್ದು ಕೇಳಿತು. ಹಿಂದೆಯೇ ಅವಳ ಬೈಗುಳ. ಕುಂಟಿಕೊಂಡು ಬಂದಳು. ಹೆಂಗಸರನ್ನು ದಾಟಿಕೊಂಡು ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ.

"ಅಕ್ಕ, ನಿಮ್ ಹಸ ಯಾರ್ಗೂ ಬುಡಲ್ವಾ?"

"ಬುಡಲ್ಲ."

"ನೀನು ಕೊಟ್ಟಿಗೆ ಕೆಲ್ಸಕ್ಕೆ ಉಡೋ ಸೀರೆ ಎಲ್ಲದೆ?"

"ಬಾಗ್ಲಿಂದೆ. ಗೂಟದಲ್ಲಿ."

ಆ ದಿನವೆಲ್ಲ ನನ್ನ ಜೊತೆ ಯಾರಾದರೂ ಆಡಿದ ಸರಿಯಾದ ಮಾತು ಎಂದರೆ ಇದೊಂದೇ.

ಹಸು ಮುಖಕ್ಕಿಂತ ವಾಸನೆ ಹಿಡಿಯುವುದು ಹೆಚ್ಚು. ಕರೆಯುವವಳು ಊರಿಗೆ ಹೋದರೆ ಅವಳ ಸೀರೆ ಸುತ್ತಿಕೊಂಡು ಗಂಡಸರೇ ಹಾಲು ಕರೆಯುವುದುಂಟು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಮನೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಹೆಂಗಸರು ಹಸು ಸಾಕಿದವರು. ಆದರೂ ಯಾರೂ ಆ ಸೀರೆ ನೆನೆಯಲಿಲ್ಲ. ಯಾಕೆಂದರೆ ಬೆಳಗ್ಗೆ ಅದು ಮುತ್ತೈದೆಯ ಸೀರೆ, ಈಗ ಅದು ಮುಂಡೆಯ ಸೀರೆ. ಗಂಡ ಸತ್ತ ದಿನ ಅವನ ಹೆಂಡತಿ ಉಟ್ಟು ಬಿಟ್ಟ ಬಟ್ಟೆಯನ್ನು ಗಂಡ ಇರುವವಳು ಮುಟ್ಟುವುದೂ ಇಲ್ಲ. ಮುಟ್ಟಿದರೆ ತನ್ನ ಕುತ್ತಿಗೆಗೆ ತಾನೇ ಕೈ ಹಾಕಿದ ಹಾಗೆ, ತಾಳಿ ಹೋಗುತ್ತದೆ ಎನ್ನುತ್ತಾರೆ. ನಾನೂ ಹಾಗೆಂದು ನಂಬಿದ್ದವಳೇ.

ಅವಳು ಹೋಗಿ ಗೂಟದಿಂದ ಸೀರೆ ತೆಗೆದುಕೊಂಡು, ಎಲ್ಲರ ಕಣ್ಣೆದುರಿಗೆ ತನ್ನ ಸೀರೆ ಮೇಲೆ ಸುತ್ತಿಕೊಂಡು, ಸೆರಗು ತಲೆಗೆ ಹಾಕಿಕೊಂಡಳು.

ನಾದಿನಿ ಎದ್ದು ನಿಂತಳು. "ಏ ಏ ಏ! ಏನ್ ಮಾಡ್ತಾ ಇದ್ದೀಯೆ? ಗಂಡ ಇರೋಳು ಕಣೆ ನೀನು!"

ಅವಳ ಅತ್ತೆ, ಎಂದರೆ ಮೂಲೆಮನೆಯ ಮುದುಕಿ, ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಮುದುಕಿ ಎದೆ ಬಡಿದುಕೊಂಡಳು. "ಬುಡೇ ಅದ! ನನ್ ಮಗನ್ನ ತಿನ್ನಕೆ ನಿಂತಿದ್ದೀಯಾ? ಮುಂಡೆ ಸೀರೆ ಉಟ್ಕತಾವ್ಳೆ, ನೋಡ್ರಪ್ಪೋ!"

"ನಿನ್ ಮಗನ ಉಸ್ರು ಈ ಸೀರೆಗೆ ಕಟ್ಟದೆಯಾ ಅತ್ತೆ? ಬೆಳಗಿಂದ ಸಂಜೆಗಂಟ ಬೀಡಿ ಎಳೀತಾನಲ್ಲ, ಅದಕ್ಕೆ ಕಟ್ಟದೆ. ಮೊದ್ಲು ಅದ ಬುಡ್ಸು."

ಹೆಣದ ಮನೆ ಎಂಬುದನ್ನೂ ಮರೆತು ಇಬ್ಬರು ಮೂವರು ನಕ್ಕುಬಿಟ್ಟರು. ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ನಾನು ಗೋಡೆ ಕಡೆ ಕಿವಿ ಇಟ್ಟುಕೊಂಡು ಕೂತೆ. ಹಸು ಕೂಗುವುದು ನಿಂತಿತು. ತುಂಬಾ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ. ಆಗ ಬಂತು. ಗಂಡನಿಗೆ ಅಳುತ್ತಿದ್ದಾಳೆ, ಈಗಲಾದರೂ ಅತ್ತಳಲ್ಲ ಎಂದು ಬೆನ್ನು ಸವರಿದರು. ಅದೂ ಇತ್ತು. ಬರೀ ಅದೇ ಅಲ್ಲ.

ಮಾರನೇ ದಿನ ಬೆಳಗ್ಗೆಯೂ ಅವಳೇ ಕರೆದಳು. ಮಧ್ಯಾಹ್ನ ಮಗ ಬಂದ, ಮಣ್ಣಾಯಿತು. ಅಷ್ಟಾದರೂ ಕೆಚ್ಚಲಿನ ಒಂದು ಭಾಗ ಗಟ್ಟಿಯಾಗಿಬಿಟ್ಟಿತ್ತು. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿದಳು. ನನ್ನ ಮಗನಿಗೆ ಹೇಳಿ ದನದ ಡಾಕ್ಟರನ್ನೂ ಕರೆಸಿದಳು. ಸೂತಕ ಕಳೆಯುವವರೆಗೆ ನಾನು ಹಾಲು ಮುಟ್ಟುವಂತಿಲ್ಲ. ಅಷ್ಟು ದಿನವೂ ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ, ನನ್ನ ಸೀರೆ ಸುತ್ತಿಕೊಂಡು ಕೊಟ್ಟಿಗೆಗೆ ಬಂದಳು. ಅವಳೇನು ಚೆನ್ನಾಗಿ ಕರೆಯುವವಳಲ್ಲ. ಅರ್ಧ ಹಾಲು ಕೈಮೇಲೆ, ಕಾಲಮೇಲೆ. ನಾನು ಒಳಗಿಂದಲೇ, "ಹೆಬ್ಬೆಟ್ಟು ಮಡಚ್ಬ್ಯಾಡ ಕಣೆ, ನೋಯ್ತದೆ ಅದ್ಕೆ," ಎಂದು ಕೂಗುತ್ತಿದ್ದೆ. "ಅಂಗಾರೆ ನೀನೇ ಬಾ," ಎನ್ನುತ್ತಿದ್ದಳು.

ಕರೆದ ಹಾಲನ್ನು ಡೈರಿಗೆ ಹಾಕಬಾರದೆಂದು ಭಾವ ಇನ್ನೊಂದು ತಕರಾರು ತೆಗೆದರು. ಸೂತಕದ ಮನೆಯ ಹಾಲು ಊರಿನ ಹಾಲಿನ ಜೊತೆ ಸೇರಿದರೆ ಊರಿಗೇ ಸೂತಕವಂತೆ. ಅವಳು ಅವರ ಹತ್ತಿರ ವಾದ ಮಾಡಲಿಲ್ಲ. ಕ್ಯಾನು ಎತ್ತಿಕೊಂಡು ಡೈರಿಗೆ ಹೋಗಿ ಅಲ್ಲಿ ಹಾಲು ಅಳೆಯುವವನನ್ನೇ ಕೇಳಿದಳಂತೆ. ಅವನು, "ಈ ಮಿಷನ್ನಿಗೆ ಸೂತಕ ಗೊತ್ತಾಗಲ್ಲ ಬುಡಕ್ಕ, ಫ್ಯಾಟು ಮಾತ್ರ ಗೊತ್ತಾಯ್ತದೆ. ಸುರಿ," ಎಂದನಂತೆ. ಅವನಿಗೂ ನಾನು ಕೈಮುಗಿಯಬೇಕು.

ಮೂರು ಮೊಲೆ ಉಳಿದವು. ನಾಲ್ಕನೆಯದು ಆ ಸೂಲಿಗೆ ಸರಿಯಾಗಲಿಲ್ಲ, ಮುಂದಿನ ಸೂಲಿಗೆ ಸ್ವಲ್ಪ ಬಂತು. ಮೂರರಲ್ಲೇ ನನ್ನ ಮನೆ ನಡೆಯಿತು. ಯಾರ ಮುಂದೆಯೂ ಕೈ ಚಾಚಲಿಲ್ಲ. ಮಗನ ಮನೆಗೆ ಹೋದರೆ ನೆಂಟಳ ಹಾಗೆ ಹೋಗಿ ನೆಂಟಳ ಹಾಗೆ ಬರುತ್ತೇನೆ.

ತಿಥಿಯ ದಿನ ನಾನು ಅವಳಿಗೊಂದು ಹೊಸ ಸೀರೆ ತರಿಸಿದ್ದೆ. ಬಂದವರೆಲ್ಲ ಊಟ ಮಾಡಿ ಹೋದ ಮೇಲೆ, ತಟ್ಟೆಯಲ್ಲಿ ಎಲೆ ಅಡಿಕೆ ಜೊತೆ ಇಟ್ಟು ನಾದಿನಿ ಕೈಯಲ್ಲಿ ಕೊಡಿಸಲು ಹೋದೆ. ನಾನೇ ಕೊಟ್ಟರೆ ಮತ್ತೆ ಅವಳ ಅತ್ತೆ ಎದೆ ಬಡಿದುಕೊಳ್ಳುತ್ತಾಳೆ ಎಂದು. ಮೂಲೆಮನೆಯವಳು ತಟ್ಟೆ ಮುಟ್ಟಲಿಲ್ಲ.

"ತಗಳೇ, ಮಾಡಿದ್ದಕ್ಕೆ ಅಂತ ಕೊಡ್ತಿಲ್ಲ. ಪ್ರೀತಿಗೆ," ಎಂದೆ.

"ಪ್ರೀತಿಗೇ ಇರ್ಲಿ. ಇವತ್ತು ನಾನು ಇದ ತಗಂಡೆ ಅನ್ಕ. ನಾಳೆ ಇನ್ನೊಬ್ರ ಮನೇಲಿ ಸಾವಾಯ್ತದೆ. ನಾನು ಅವ್ರ್ ಕೊಟ್ಟಿಗೆ ತಾವ ಓದ್ರೆ, ಸೀರೆ ಆಸೆಗೆ ಬಂದ್ಲು ಅಂತಾರೆ. ಸೀರೆ ಕೊಡಕಾಗ್ದೋರು, ಇವಳ್ನ ಯಾಕೆ ಕರೆಯನ ಅಂತ ಸುಮ್ಕಾಯ್ತಾರೆ. ಕರೆಯೋಗಂಟ ನಾನು ಕಾಯ್ಬೇಕಾಯ್ತದೆ. ಬ್ಯಾಡ ಬುಡಕ್ಕ. ಊಟ ಮಾಡಿದ್ದೀನಿ, ಸಾಕು. ಪಾಯಸಕ್ಕೆ ಬೆಲ್ಲ ಕಮ್ಮಿ ಆಗಿತ್ತು."

ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಎದುರಿಗೆ ಹೋಗಿ ನೋಡಿ. ವರ್ಷವಿಡೀ ಫ್ಲೆಕ್ಸು ಕಟ್ಟಿರುತ್ತಾರೆ. ಒಂದೊಂದರಲ್ಲಿ ಒಂದೊಂದು ಮುಖ, ಕಪ್ಪು ಕನ್ನಡಕ, ಕೆಳಗೆ ಸಮಾಜ ಸೇವಕರು ಎಂದು ದಪ್ಪಗೆ ಬರೆದಿರುತ್ತದೆ. ನಾನು ಮೂರನೇ ಕ್ಲಾಸಿನವರೆಗೆ ಓದಿದ್ದು, ದಪ್ಪಗೆ ಬರೆದದ್ದು ಓದಲು ಬರುತ್ತದೆ. ಅವರನ್ನು ಬೈಯುವುದಿಲ್ಲ. ಅವರಲ್ಲಿ ಒಬ್ಬರು ಆಂಬುಲೆನ್ಸು ಕೊಡಿಸಿದ್ದಾರೆ, ಒಬ್ಬರು ಕೊರೋನಾದಲ್ಲಿ ಅಕ್ಕಿ ಹಂಚಿದ್ದಾರೆ, ನಾನೂ ಅದನ್ನು ತಿಂದಿದ್ದೇನೆ. ಆದರೆ ಅವರ ಹತ್ತಿರ ನಾವು ಹೋಗಬೇಕು, ಇಲ್ಲವೇ ಅವರು ಬರುವಾಗ ಜೊತೆಗೆ ಫೋಟೋದವನು ಬರಬೇಕು. ಮದುವೆಗೆ ಕರೆದರೆ ಹೋಗು, ಸಾವಿಗೆ ಕರೆಯದೆ ಹೋಗು ಎಂದು ನನ್ನ ತವರು ಕಟ್ಟೆಮಳಲವಾಡಿಯಲ್ಲಿ ಹೇಳುತ್ತಿದ್ದರು. ಕರೆಯದೆ ಬಂದವರು ಆ ದಿನ ನನ್ನ ಮನೆ ತುಂಬ ಇದ್ದರು. ಬಂದು ಯಾರೂ ಮಾಡದೆ ಬಿಟ್ಟ ಕೆಲಸ ಯಾವುದೆಂದು ಹುಡುಕಿದವಳು ಅವಳೊಬ್ಬಳು.

ಅದಕ್ಕೆ ಅವಳು ಬೆಲೆ ತೆರಬೇಕಾಯಿತು, ಅದನ್ನೂ ಹೇಳುತ್ತೇನೆ.

ಆ ವರ್ಷ ಮಳೆಗಾಲದಲ್ಲಿ ಅವಳ ಗಂಡ ಜ್ವರ ಬಂದು ಮಲಗಿದ. ಗಾರೆ ಕೆಲಸದ ಆಳು, ಗಟ್ಟಿ ಮನುಷ್ಯ, ನಾಲ್ಕು ದಿನದಲ್ಲಿ ಕಡ್ಡಿಯಾದ. ಹುಣಸೂರಿನ ಆಸ್ಪತ್ರೆಗೆ ಸೇರಿಸಿದರು. ಬೀದಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿಬಿಟ್ಟು ಯಾರೂ ಆಡಲಿಲ್ಲ, ಮುದುಕಿ ಒಬ್ಬಳನ್ನು ಬಿಟ್ಟು. ಮುದುಕಿ ನಲ್ಲಿ ಕಟ್ಟೆ ಮೇಲೆ ನಿಂತು, "ಬಂದ್ಲಲ್ಲಪ್ಪ ಮುಂಡೆ ಸೀರೆ ಸುತ್ಕಂಡು ಊರುದ್ದಾರ ಮಾಡೋಳು! ನನ್ ಮಗನ್ನ ಬಲಿ ಕೊಟ್ಟು ಬೇರೆಯೋರ್ ಹಸ ಉಳಿಸವ್ಳೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದಳು. ನಾನು ಬಿಂದಿಗೆ ಅರ್ಧಕ್ಕೇ ಎತ್ತಿಕೊಂಡು ಬಂದೆ. ಅವನು ಸತ್ತರೆ ನಾನು ಆ ಬೀದಿಯಲ್ಲಿ ಹೇಗೆ ಓಡಾಡಲಿ? ಅವಳು ಹೇಗೆ ಓಡಾಡುತ್ತಾಳೆ?

ಎರಡು ದಿನ ತಡೆದೆ. ಮೂರನೇ ದಿನ ಮಧ್ಯಾಹ್ನ ಗಂಜಿ, ತಿಳಿಸಾರು ಕಟ್ಟಿಕೊಂಡು ಹುಣಸೂರಿನ ಬಸ್ಸು ಹತ್ತಿದೆ. ಸಂಜೆ ಕರೆಯುವ ಹೊತ್ತಿಗೆ ವಾಪಸ್ಸು ಬಂದುಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಅವಳು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕಣ್ಣು ಗುಳಿಬಿದ್ದಿತ್ತು. ನನ್ನನ್ನು ನೋಡಿ ಎದ್ದಳು.

"ನೀನ್ಯಾಕೆ ಬಂದೆ?"

"ನೋಡವ ಅಂತ. ಎಂಗವ್ನೆ?"

"ಜ್ವರ ಇಳಿದದೆ. ಸೊಳ್ಳೆ ಕಚ್ಚಿ ಬರೋ ಜ್ವರ ಅಂತೆ. ಅದಿರ್ಲಿ, ಸಂಜೆ ಹಸ ಯಾರ್ ಕರೀತಾರೆ?"

"ಓಗ್ಬುಡ್ತೀನಿ."

"ಈಗ ಸಿಕ್ತದಾ ಬಸ್ಸು? ಬುದ್ಧಿ ಇಲ್ವಾ ನಿಂಗೆ? ಅಷ್ಟ್ ಕಷ್ಟಪಟ್ಟು ಉಳಿಸ್ಕಂಡು, ಈಗ ಇಲ್ಲಿ ಸೌಟಿಡ್ಕಂಡು ಬಂದವ್ಳೆ! ಡಬ್ಬಿ ಕೊಟ್ಟು ನಡಿ, ನಡಿ."

ಅವನ ಮುಖವನ್ನೂ ಸರಿಯಾಗಿ ನೋಡಲು ಬಿಡಲಿಲ್ಲ. ಬಾಗಿಲಿನಿಂದಲೇ ನೋಡಿದೆ. ದಿಂಬಿಗೆ ಒರಗಿ ಕೂತಿದ್ದ, ಕೈ ಎತ್ತಿದ. ನನ್ನನ್ನು ತಳ್ಳದ ಹಾಗೆ ತಳ್ಳಿ ಕಳಿಸಿದಳು.

ಅವಳು ಹೇಳಿದ್ದೇ ಸರಿಯಾಯಿತು. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಮೆಟ್ಟಿಲ ಮೇಲೂ ಜನ. ಮುಂದಿನದಕ್ಕೆ ಕಾದೆ. ಊರು ಮುಟ್ಟುವಾಗ ಮನೆಗಳಲ್ಲಿ ದೀಪ ಹತ್ತಿತ್ತು. ಬೀದಿ ತಿರುಗುವಾಗಲೇ ಕಿವಿ ಕೊಟ್ಟೆ. ಹೊತ್ತು ಮೀರಿದೆ, ಹಸು ಕೂಗುತ್ತಿರಬೇಕು. ಕೂಗು ಕೇಳಲಿಲ್ಲ. ಒಂದು ಸದ್ದೂ ಇಲ್ಲ. ಹಗ್ಗ ಸಿಕ್ಕಿಕೊಂಡು ಬಿದ್ದಿದೆಯೋ ಏನೋ ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆ.

ಕೊಟ್ಟಿಗೆಯಲ್ಲಿ ದೀಪ ಇತ್ತು. ಹಸುವಿನ ಹೊಟ್ಟೆಗೆ ತಲೆ ಆನಿಸಿಕೊಂಡು, ನನ್ನ ಕೊಟ್ಟಿಗೆ ಸೀರೆ ಸುತ್ತಿಕೊಂಡು, ಮೂಲೆಮನೆಯ ಮುದುಕಿ ಹಾಲು ಕರೆಯುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತೆ.

"ಏನಂಗ್ ನೋಡ್ತೀಯ?" ಎಂದಳು ಮುದುಕಿ, ಕೈ ನಿಲ್ಲಿಸದೆ. "ನಂಗೇನು, ನನ್ ಗಂಡ ಓಗಿ ಯಾವ್ ಕಾಲಾಯ್ತು. ಈ ಸೀರೆ ನನ್ನೇನ್ ಮಾಡದು?"

"ಅಲ್ಲ ಅತ್ತೆ, ನೀವು..."

"ಅರಚ್ತಾ ಇತ್ತು ಕಣೆ. ಬೀದಿಯೋರೆಲ್ಲ ಟಿ.ವಿ. ಜೋರ್ ಮಾಡ್ಕಂಡ್ರು. ನಾನೂ ಬಾಗ್ಲಾಕಂಡೆ. ಗೋಡೆ ಆಚೇಲೆ ಅರಚ್ವಾಗ ಬಾಗ್ಲಾಕಂಡು ಏನ್ ಮಾಡದು? ಅದೂ ಅಲ್ದೆ, ಅವಳು ಬಂದ್ಮೇಕೆ ಕೇಳ್ತಾಳೆ, ಹಸ ಅರಚ್ವಾಗ ನೀನೆಲ್ಲಿ ಸತ್ತಿದ್ದೆ ಅತ್ತೆ ಅಂತ. ಆ ಬಾಯಿಗೆ ಯಾರ್ ಬೀಳ್ತಾರೆ?" ಆಮೇಲೆ ಕೈ ನಿಂತಿತು. ತಲೆ ತಿರುಗಿಸಲಿಲ್ಲ. "ನನ್ ಮಗ?"

"ಕೂತವ್ನೆ. ಜ್ವರ ಇಳಿದದಂತೆ. ನನ್ ನೋಡಿ ಕೈ ಎತ್ತುದ."

ಮುದುಕಿ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಹಸು ಮಿಸುಕಾಡದೆ ನಿಂತಿತ್ತು. ಆಮೇಲೆ ಮತ್ತೆ ಕರೆಯಲು ಶುರು ಮಾಡಿದಳು. ಸೊಸೆಗಿಂತ ಚೆನ್ನಾಗಿ ಕರೆಯುತ್ತಿದ್ದಳು, ಒಂದು ಹನಿ ಹೊರಗೆ ಹೋಗುತ್ತಿರಲಿಲ್ಲ.

ಹೀಗೆ ಬೀದಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದ ಬಾಯಿ, ಹಸುವಿನ ಕೂಗು ತಡೆಯಲಾರದೆ ಎದ್ದು ಬಂದಿತ್ತು. ನಾನು ಅವಳಿಗೆ ದೊಡ್ಡ ಮಾತಿನಲ್ಲಿ ಏನೂ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದಳು. ಇವತ್ತಿಗೂ ದೇವರ ಮುಂದೆ ದೀಪ ಹಚ್ಚುವಾಗ ಆ ಅತ್ತೆ ಸೊಸೆ ಇಬ್ಬರನ್ನೂ ನೆನೆಯುತ್ತೇನೆ. ನನ್ನ ಮನೆಯವರಿಗಿಂತ ಮೊದಲು ನೆನೆಯುತ್ತೇನೆ. ಮನೆಯವರು ಸತ್ತು ದೇವರ ಹತ್ತಿರವೇ ಇದ್ದಾರೆ, ಅವರಿಗೆ ನನ್ನ ಶಿಫಾರಸು ಬೇಕಾಗಿಲ್ಲ.

ಮುದುಕಿ ಬಕೆಟ್ಟು ನನ್ನ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು. "ಕಾಫಿ ಕಾಯ್ಸಲಾ ಅತ್ತೆ?" ಎಂದೆ.

"ಕಾಫಿ ಆಮೇಕೆ ಕಾಯ್ಸೀವಂತೆ. ಮೊದ್ಲು ಡೈರಿಗೋಗು, ಬಾಗ್ಲಾಕಂಬುಡ್ತಾರೆ. ನಿನ್ ಹಸ ನನ್ ಕಾಲು ತುಳಿದದೆ, ಬರ್ವಾಗ ಅಂಗಡೀಲಿ ಮುಲಾಮು ತಕಂಬಾ."

ಕ್ಯಾನಿಗೆ ಹಾಲು ಸುರಿದುಕೊಂಡು ಡೈರಿ ಕಡೆ ಓಡಿದೆ.